ಹಿರಂ ಪರ್ಸಿ ಮ್ಯಾಕ್ಸಿಮ್

ಹಿರಂ ಪರ್ಸಿ ಮ್ಯಾಕ್ಸಿಮ್ (ಸೆಪ್ಟೆಂಬರ್ 2, 1869 – ಫೆಬ್ರವರಿ 17, 1936) ಅಮೆರಿಕದ ಎಂಜಿನಿಯರ್, ಆವಿಷ್ಕಾರಕ ಹಾಗೂ ಲೇಖಕರು. ಬಂದೂಕಿನ ಸದ್ದನ್ನು ಅಡಗಿಸುವ ಸೈಲೆನ್ಸರ್‌ನ ನಿರ್ಮಾತೃವೆಂದು ಪ್ರಸಿದ್ಧರಾಗಿದ್ದರೂ, ಹವ್ಯಾಸಿ ರೇಡಿಯೋ ಚಳವಳಿಯನ್ನು ಸಂಘಟಿಸಿದವರೆಂದೇ ಅವರನ್ನು ಹೆಚ್ಚಾಗಿ ಸ್ಮರಿಸಲಾಗುತ್ತದೆ. 1914ರಲ್ಲಿ ಸ್ಥಾಪನೆಯಾದ ಅಮೆರಿಕನ್ ರೇಡಿಯೋ ರಿಲೇ ಲೀಗ್‌ನ ಸ್ಥಾಪಕರಲ್ಲಿ ಒಬ್ಬರಾದ ಅವರು, ಮರಣದವರೆಗೂ ಅದರ ಅಧ್ಯಕ್ಷರಾಗಿದ್ದರು. ಬಯಲಿನಲ್ಲಿ ತಾತ್ಕಾಲಿಕ ಕೇಂದ್ರಗಳನ್ನು ಹೂಡಿ, ಕಡಿಮೆ ಶಕ್ತಿಯ ಉಪಕರಣಗಳಿಂದ ಸಂಪರ್ಕ ಸಾಧಿಸುವ ‘ಫೀಲ್ಡ್ ಡೇ’ ಎಂಬ ವಾರ್ಷಿಕ ಕಾರ್ಯಕ್ರಮವು ಅವರ ಅಧ್ಯಕ್ಷತೆಯ ಕಾಲದಲ್ಲಿಯೇ, 1933ರಲ್ಲಿ ಆರಂಭವಾಯಿತು.

ಜನನ ಮತ್ತು ಶಿಕ್ಷಣ

ಮ್ಯಾಕ್ಸಿಮ್ ಅವರು ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿ ಜನಿಸಿದರು. ತಂದೆ ಹಿರಂ ಸ್ಟೀವನ್ಸ್ ಮ್ಯಾಕ್ಸಿಮ್, ತಮ್ಮ ಹೆಸರಿನ ಮೆಷಿನ್‌ಗನ್‌ನಿಂದ ಜಗತ್ಪ್ರಸಿದ್ಧರಾದವರು. ತಾಯಿ ಜೇನ್ ಬಡನ್. ಚಿಕ್ಕಪ್ಪ ಹಡ್ಸನ್ ಮ್ಯಾಕ್ಸಿಮ್ ಸ್ಫೋಟಕಗಳ ತಜ್ಞರಾಗಿದ್ದರು. 1880ರ ದಶಕದ ಆರಂಭದಲ್ಲಿ ಯುರೋಪಿಗೆ ತೆರಳಿದ ತಂದೆ ಮುಂದೆ ಇಂಗ್ಲೆಂಡಿನಲ್ಲಿಯೇ ನೆಲೆಸಿದರು. ಪರ್ಸಿ ಅಮೆರಿಕದಲ್ಲಿ ತಾಯಿಯ ಆಶ್ರಯದಲ್ಲಿ ಬೆಳೆದರು. ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ವ್ಯಾಸಂಗ ಮಾಡಿ 1886ರಲ್ಲಿ, ಹದಿಹರೆಯದಲ್ಲಿಯೇ, ಪದವೀಧರರಾದರು. 1898ರಲ್ಲಿ ಮೇರಿಲ್ಯಾಂಡ್‌ನ ಮಾಜಿ ಗವರ್ನರ್ ವಿಲಿಯಂ ಹ್ಯಾಮಿಲ್ಟನ್ ಅವರ ಪುತ್ರಿ ಜೋಸೆಫಿನ್ ಅವರನ್ನು ವಿವಾಹವಾದರು. ದಂಪತಿಗಳಿಗೆ ಒಬ್ಬ ಮಗ ಮತ್ತು ಒಬ್ಬ ಮಗಳು.

ವೃತ್ತಿಜೀವನ

ಮೋಟಾರು ವಾಹನಗಳು ಇನ್ನೂ ಕೌತುಕದ ವಸ್ತುಗಳಾಗಿದ್ದ ಕಾಲದಲ್ಲಿ ಮ್ಯಾಕ್ಸಿಮ್ ಪೆಟ್ರೋಲ್ ಎಂಜಿನ್ ಒಂದನ್ನು ಸ್ವತಃ ನಿರ್ಮಿಸಿ, ಮೂರು ಗಾಲಿಯ ಸೈಕಲ್ಲಿಗೆ ಅಳವಡಿಸಿ ಪ್ರಯೋಗ ನಡೆಸಿದರು. 1895ರಲ್ಲಿ ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡ್‌ನ ಪೋಪ್ ಕಂಪನಿಯನ್ನು ಸೇರಿ, ಅಲ್ಲಿ ‘ಕೊಲಂಬಿಯಾ’ ಹೆಸರಿನ ವಾಹನಗಳ ವಿನ್ಯಾಸದಲ್ಲಿ ಪ್ರಮುಖ ಪಾತ್ರ ವಹಿಸಿದರು. 1899ರಲ್ಲಿ ಬ್ರ್ಯಾನ್‌ಫರ್ಡ್‌ನಲ್ಲಿ ನಡೆದ ಕಾರು ಪಂದ್ಯದಲ್ಲಿ ಸ್ವತಃ ವಾಹನ ಚಲಾಯಿಸಿ ಜಯ ಗಳಿಸಿದರು.

1909ರಲ್ಲಿ ಅವರಿಗೆ ಬಂದೂಕಿನ ಸೈಲೆನ್ಸರ್‌ಗೆ ಪೇಟೆಂಟ್ ದೊರೆಯಿತು. ಗುಂಡು ಹಾರಿದಾಗ ನಳಿಗೆಯಿಂದ ಒಮ್ಮೆಲೇ ನುಗ್ಗುವ ಅನಿಲವನ್ನು ಕೋಣೆಗಳಲ್ಲಿ ಸುತ್ತಾಡಿಸಿ, ನಿಧಾನವಾಗಿ ಹೊರಬಿಡುವುದು ಈ ಸಾಧನದ ತತ್ತ್ವ. ಅವರ ಕಂಪನಿಯು ಇದೇ ತತ್ತ್ವವನ್ನು ಎಂಜಿನ್ ಮತ್ತು ಯಂತ್ರಗಳ ಸದ್ದನ್ನು ತಗ್ಗಿಸಲು ಬಳಸಿಕೊಂಡಿತು.

ಹವ್ಯಾಸಿ ರೇಡಿಯೋ ಮತ್ತು ರಿಲೇ ಲೀಗ್

ಅಮೆರಿಕದ 1912ರ ರೇಡಿಯೋ ಕಾಯಿದೆಯು ಹವ್ಯಾಸಿಗಳಿಗೆ ಎರಡು ಮಿತಿಗಳನ್ನು ವಿಧಿಸಿತ್ತು: ಪ್ರೇಷಕದ ಶಕ್ತಿ ಒಂದು ಕಿಲೋವ್ಯಾಟ್ ಮೀರಬಾರದು, ತರಂಗಾಂತರ 200 ಮೀಟರ್ ಮೀರಬಾರದು. ಇಷ್ಟು ಕಿರಿದಾದ ತರಂಗಗಳು ದೂರ ಸಂಪರ್ಕಕ್ಕೆ ನಿರುಪಯುಕ್ತವೆಂಬುದು ಅಂದಿನ ತಜ್ಞರ ಅಭಿಪ್ರಾಯವಾಗಿತ್ತು. ಸ್ಪಾರ್ಕ್ ಪ್ರೇಷಕಗಳ ಆ ಕಾಲದಲ್ಲಿ ಹೆಚ್ಚಿನ ಹವ್ಯಾಸಿ ಕೇಂದ್ರಗಳ ವ್ಯಾಪ್ತಿ ಕೆಲವೇ ಹತ್ತು ಕಿಲೋಮೀಟರ್‌ಗಳಷ್ಟಿತ್ತು.

1914ರ ಏಪ್ರಿಲ್ ತಿಂಗಳಲ್ಲಿ ಮ್ಯಾಕ್ಸಿಮ್ ಅವರು ಹಾರ್ಟ್‌ಫರ್ಡ್‌ನಿಂದ ಸುಮಾರು 40 ಕಿಲೋಮೀಟರ್ ದೂರದ ಸ್ಪ್ರಿಂಗ್‌ಫೀಲ್ಡ್ ನಗರಕ್ಕೆ ಸಂದೇಶ ಕಳುಹಿಸಲು ಪ್ರಯತ್ನಿಸಿದರು. ನೇರ ಸಂಪರ್ಕ ಸಾಧ್ಯವಾಗಲಿಲ್ಲ. ಆಗ ನಡುದಾರಿಯಲ್ಲಿದ್ದ ವಿಂಡ್ಸರ್ ಲಾಕ್ಸ್ ಎಂಬ ಊರಿನ ಹವ್ಯಾಸಿಯೊಬ್ಬರು ಸಂದೇಶವನ್ನು ಪಡೆದು ಮುಂದಕ್ಕೆ ದಾಟಿಸಿದರು. ಈ ಸಣ್ಣ ಘಟನೆಯಿಂದ ಮ್ಯಾಕ್ಸಿಮ್ ಒಂದು ದೊಡ್ಡ ಯೋಜನೆಯನ್ನು ರೂಪಿಸಿದರು. ದುರ್ಬಲವಾದ ಒಂಟಿ ಕೇಂದ್ರಕ್ಕೆ ಆಗದ ಕೆಲಸವು, ಶಿಸ್ತಿನಿಂದ ಕೈಜೋಡಿಸಿದ ಅನೇಕ ದುರ್ಬಲ ಕೇಂದ್ರಗಳಿಗೆ ಆಗುತ್ತದೆ ಎಂಬುದೇ ಅದರ ಸಾರ. ಹಾರ್ಟ್‌ಫರ್ಡ್ ರೇಡಿಯೋ ಕ್ಲಬ್‌ನ ಬೆಂಬಲದೊಡನೆ, ಇನ್ನೂ ಹದಿಹರೆಯದಲ್ಲಿದ್ದ ಕ್ಲಾರೆನ್ಸ್ ಟಸ್ಕಾ ಅವರ ಜೊತೆಗೂಡಿ ಅಮೆರಿಕನ್ ರೇಡಿಯೋ ರಿಲೇ ಲೀಗ್ ಅನ್ನು ಸ್ಥಾಪಿಸಿದರು. 1915ರ ಡಿಸೆಂಬರ್‌ನಲ್ಲಿ ‘ಕ್ಯೂಎಸ್‌ಟಿ’ ಪತ್ರಿಕೆಯ ಮೊದಲ ಸಂಚಿಕೆ ಹೊರಬಂದಿತು. 1917ರ ಫೆಬ್ರವರಿಯಲ್ಲಿ ಅಮೆರಿಕದ ಪೂರ್ವ ಕರಾವಳಿಯಿಂದ ಹೊರಟ ಸಂದೇಶವೊಂದು ಕೈಯಿಂದ ಕೈಗೆ ದಾಟುತ್ತಾ ಪಶ್ಚಿಮ ಕರಾವಳಿಯನ್ನು ಮುಟ್ಟಿ, ಅದರ ಉತ್ತರವು 1 ಗಂಟೆ 20 ನಿಮಿಷಗಳಲ್ಲಿ ಹಿಂದಿರುಗಿತು.

ಯುದ್ಧಕಾಲದ ನಿಷೇಧ

1917ರ ಏಪ್ರಿಲ್‌ನಲ್ಲಿ ಅಮೆರಿಕವು ಮೊದಲ ಮಹಾಯುದ್ಧವನ್ನು ಪ್ರವೇಶಿಸಿದಾಗ ಎಲ್ಲ ಹವ್ಯಾಸಿ ಕೇಂದ್ರಗಳನ್ನು ಮುಚ್ಚುವಂತೆ ಸರ್ಕಾರ ಆದೇಶಿಸಿತು. ಅನೇಕ ಸದಸ್ಯರು ಸೈನ್ಯ ಹಾಗೂ ನೌಕಾಪಡೆಯಲ್ಲಿ ರೇಡಿಯೋ ನಿರ್ವಾಹಕರಾದರು. ಲೀಗ್‌ನ ಚಟುವಟಿಕೆ ಬಹುಮಟ್ಟಿಗೆ ಸ್ಥಗಿತಗೊಂಡಿತು. ಪತ್ರಿಕೆಯ ಪ್ರಕಟಣೆಯೂ ನಿಂತಿತು.

ಯುದ್ಧ ಮುಗಿದ ಮೇಲೆ ಇನ್ನೂ ದೊಡ್ಡ ಅಪಾಯ ಎದುರಾಯಿತು. ರೇಡಿಯೋ ಸಂಪರ್ಕದ ಮೇಲಿನ ನಿಯಂತ್ರಣವನ್ನು ನೌಕಾಪಡೆಗೆ ಒಪ್ಪಿಸುವ ಮಸೂದೆಯು 1918ರ ಕೊನೆಯಲ್ಲಿ ಅಮೆರಿಕದ ಸಂಸತ್ತಿನ ಮುಂದೆ ಬಂದಿತು. ಅದು ಅಂಗೀಕಾರವಾಗಿದ್ದರೆ ಹವ್ಯಾಸಿ ರೇಡಿಯೋ ಅಲ್ಲಿಗೇ ಕೊನೆಗೊಳ್ಳುವ ಸಂಭವವಿತ್ತು. ಮ್ಯಾಕ್ಸಿಮ್ ಅವರ ಮುಂದಾಳತ್ವದಲ್ಲಿ ಲೀಗ್ ಇದನ್ನು ವಿರೋಧಿಸಿತು; ಚದುರಿಹೋಗಿದ್ದ ಸದಸ್ಯರು ಮತ್ತು ಅವರ ಕುಟುಂಬದವರು ತಮ್ಮ ಪ್ರತಿನಿಧಿಗಳಿಗೆ ಪತ್ರಗಳನ್ನು ಬರೆದರು. ಮಸೂದೆ ಬಿದ್ದುಹೋಯಿತು. 1919ರಲ್ಲಿ ಮೊದಲು ಸಂಕೇತಗಳನ್ನು ಆಲಿಸಲು, ಅನಂತರ ಅದೇ ವರ್ಷದ ಶರತ್ಕಾಲದಲ್ಲಿ ಪ್ರಸಾರ ಮಾಡಲು ಹವ್ಯಾಸಿಗಳಿಗೆ ಮತ್ತೆ ಅನುಮತಿ ದೊರೆಯಿತು.

ಸಾಗರದಾಚೆಯ ಸಂಪರ್ಕ

ಅಟ್ಲಾಂಟಿಕ್ ಸಾಗರವನ್ನು ದಾಟಬಲ್ಲ ಹವ್ಯಾಸಿ ಸಂಕೇತಗಳನ್ನು ಪರೀಕ್ಷಿಸಲು ಲೀಗ್ 1921ರಲ್ಲಿ ಪಾಲ್ ಗಾಡ್ಲಿ ಅವರನ್ನು ಸ್ಕಾಟ್ಲೆಂಡಿಗೆ ಕಳುಹಿಸಿತು. ಅವರು ಆರ್ಡ್ರೊಸನ್ ಬಳಿಯ ಕಡಲತೀರದಲ್ಲಿ ಡೇರೆ ಹೂಡಿ, ಉದ್ದನೆಯ ತಂತಿಯ ಆಂಟೆನಾ ಕಟ್ಟಿ, ಚಳಿಮಳೆಯ ನಡುವೆ ಕನೆಕ್ಟಿಕಟ್‌ನಿಂದ ಬಂದ ಸಂಕೇತಗಳನ್ನು ಗ್ರಹಿಸುವಲ್ಲಿ ಯಶಸ್ವಿಯಾದರು. 1923ರ ನವೆಂಬರ್‌ನಲ್ಲಿ ಅಮೆರಿಕದ ಫ್ರೆಡ್ ಶ್ನೆಲ್ ಮತ್ತು ಫ್ರಾನ್ಸಿನ ಲಿಯೋನ್ ಡಿಲ್ವಾ ಅವರು ಸುಮಾರು 100 ಮೀಟರ್ ತರಂಗಾಂತರದಲ್ಲಿ ಪರಸ್ಪರ ಸಂಭಾಷಿಸಿದರು. ನಿರುಪಯುಕ್ತವೆಂದು ಹವ್ಯಾಸಿಗಳಿಗೆ ಬಿಟ್ಟುಕೊಟ್ಟಿದ್ದ ಕಿರುತರಂಗಗಳೇ ಕಡಿಮೆ ಶಕ್ತಿಯಲ್ಲಿ ಅತಿ ದೂರ ಸಾಗಬಲ್ಲವೆಂಬುದು ಇದರಿಂದ ಸಿದ್ಧವಾಯಿತು. ಈ ತರಂಗಗಳು ವಾತಾವರಣದ ಮೇಲ್ಭಾಗದಲ್ಲಿರುವ ಅಯಾನುಗೋಲದಿಂದ ಭೂಮಿಯತ್ತ ಮರಳುವುದೇ ಇದಕ್ಕೆ ಕಾರಣ.

1925ರ ಏಪ್ರಿಲ್‌ನಲ್ಲಿ ಪ್ಯಾರಿಸ್‌ನಲ್ಲಿ ಅಂತರರಾಷ್ಟ್ರೀಯ ಹವ್ಯಾಸಿ ರೇಡಿಯೋ ಒಕ್ಕೂಟವು ಸ್ಥಾಪನೆಯಾದಾಗ ಮ್ಯಾಕ್ಸಿಮ್ ಅದರ ಮೊದಲ ಅಧ್ಯಕ್ಷರಾಗಿ ಆಯ್ಕೆಯಾದರು. ಭಾರತದ ಅಮೆಚೂರ್ ರೇಡಿಯೋ ಸೊಸೈಟಿಯೂ ಇಂದು ಈ ಒಕ್ಕೂಟದ ಸದಸ್ಯ ಸಂಸ್ಥೆಯಾಗಿದೆ.

ಫೀಲ್ಡ್ ಡೇ

ಪ್ರವಾಹ, ಬಿರುಗಾಳಿ ಮುಂತಾದ ವಿಪತ್ತುಗಳಲ್ಲಿ ವಿದ್ಯುತ್ ಮತ್ತು ತಂತಿ ಸಂಪರ್ಕಗಳೆರಡೂ ಕಡಿದುಹೋಗುತ್ತವೆ. ಅಂತಹ ಸಮಯದಲ್ಲಿ ಮನೆಯಲ್ಲಿರುವ ಪ್ರಬಲ ಕೇಂದ್ರಕ್ಕಿಂತ, ಹೊತ್ತೊಯ್ಯಬಹುದಾದ ಸಣ್ಣ ಕೇಂದ್ರವೇ ಹೆಚ್ಚು ಉಪಯುಕ್ತ. ಇದರ ತಾಲೀಮಿಗಾಗಿ ಲೀಗ್ 1933ರ ಜೂನ್‌ನಲ್ಲಿ ಮೊದಲ ಫೀಲ್ಡ್ ಡೇ ಅನ್ನು ನಡೆಸಿತು. ಲೀಗ್‌ನ ಸಂಪರ್ಕ ವಿಭಾಗದ ಮುಖ್ಯಸ್ಥರಾಗಿದ್ದ ಎಫ್. ಇ. ಹ್ಯಾಂಡಿ ಇದರ ರೂವಾರಿ. ಎರಡನೆಯ ಮಹಾಯುದ್ಧದ ಅವಧಿಯ ಬಿಡುವನ್ನು ಹೊರತುಪಡಿಸಿ ಈ ಕಾರ್ಯಕ್ರಮ ಮುಂದುವರಿದುಕೊಂಡು ಬಂದಿದ್ದು, ಈಗ ಜೂನ್ ತಿಂಗಳ ನಾಲ್ಕನೆಯ ಪೂರ್ಣ ವಾರಾಂತ್ಯದಲ್ಲಿ ನಡೆಯುತ್ತದೆ.

ಭಾಗವಹಿಸುವವರು ಉದ್ಯಾನ, ಮೈದಾನ ಅಥವಾ ಗುಡ್ಡಗಳ ಮೇಲೆ ಡೇರೆ ಹಾಕಿ, ಮರಗಳಿಗೆ ಆಂಟೆನಾ ತಂತಿಗಳನ್ನು ಕಟ್ಟಿ, ಸಾಧ್ಯವಾದಷ್ಟು ಹೆಚ್ಚು ಕೇಂದ್ರಗಳೊಡನೆ ಸಂಪರ್ಕ ಸಾಧಿಸುತ್ತಾರೆ. ಅಂಕಗಳ ಲೆಕ್ಕವು ಕಡಿಮೆ ಶಕ್ತಿಯನ್ನು ಪ್ರೋತ್ಸಾಹಿಸುವಂತಿದೆ. ಧ್ವನಿ ಸಂಪರ್ಕಕ್ಕೆ 1 ಅಂಕ, ಮೋರ್ಸ್ ಸಂಪರ್ಕಕ್ಕೆ 2 ಅಂಕ. ಬ್ಯಾಟರಿ ಅಥವಾ ಸೌರಶಕ್ತಿಯಂತಹ ಮೂಲದಿಂದ 5 ವ್ಯಾಟ್ ಮೀರದ ಶಕ್ತಿಯನ್ನು ಬಳಸಿದರೆ ಅಂಕಗಳು ಐದುಪಟ್ಟಾಗುತ್ತವೆ. ಹೀಗೆ, ಸಣ್ಣ ಟಾರ್ಚ್ ಬಲ್ಬಿಗೆ ಸಾಕಾಗುವಷ್ಟು ವಿದ್ಯುತ್ತಿನಿಂದ ಸಾಧಿಸಿದ ಒಂದು ಮೋರ್ಸ್ ಸಂಪರ್ಕಕ್ಕೆ 10 ಅಂಕ ದೊರೆತರೆ, ನೂರಾರು ವ್ಯಾಟ್‌ಗಳ ಪ್ರೇಷಕದಿಂದ ಸಾಧಿಸಿದ ಧ್ವನಿ ಸಂಪರ್ಕಕ್ಕೆ ದೊರೆಯುವುದು ಒಂದೇ ಅಂಕ.

ಇತರ ಆಸಕ್ತಿಗಳು

1926ರಲ್ಲಿ ಮ್ಯಾಕ್ಸಿಮ್ ಅವರು ಹವ್ಯಾಸಿ ಚಲನಚಿತ್ರಕಾರರಿಗಾಗಿ ಅಮೆಚೂರ್ ಸಿನಿಮಾ ಲೀಗ್ ಅನ್ನು ಸ್ಥಾಪಿಸಿದರು. ಖಗೋಳಶಾಸ್ತ್ರದಲ್ಲಿ ಅವರಿಗಿದ್ದ ಒಲವಿನ ಫಲವಾಗಿ ವಿಶ್ವದಲ್ಲಿ ಜೀವದ ಸ್ಥಾನವನ್ನು ಕುರಿತ ಗ್ರಂಥವು 1933ರಲ್ಲಿ ಪ್ರಕಟವಾಯಿತು. ತಂದೆಯೊಡನೆ ಕಳೆದ ಬಾಲ್ಯದ ನೆನಪುಗಳನ್ನು ‘ಎ ಜೀನಿಯಸ್ ಇನ್ ದ ಫ್ಯಾಮಿಲಿ’ ಎಂಬ ಕೃತಿಯಲ್ಲಿ ಹಾಸ್ಯಮಿಶ್ರಿತವಾಗಿ ನಿರೂಪಿಸಿದ್ದಾರೆ. ಇದನ್ನು ಆಧರಿಸಿದ ಹಾಲಿವುಡ್ ಚಲನಚಿತ್ರವು 1946ರಲ್ಲಿ ತೆರೆಕಂಡಿತು. ಮೋಟಾರು ವಾಹನಗಳ ಆರಂಭಕಾಲವನ್ನು ಕುರಿತ ಅವರ ಪುಸ್ತಕವು ಮರಣಾನಂತರ, 1937ರಲ್ಲಿ ಪ್ರಕಟವಾಯಿತು.

ನಿಧನ ಮತ್ತು ಸ್ಮರಣೆ

ಕ್ಯಾಲಿಫೋರ್ನಿಯಾದತ್ತ ರೈಲಿನಲ್ಲಿ ಪ್ರಯಾಣಿಸುತ್ತಿದ್ದಾಗ ಅಸ್ವಸ್ಥರಾದ ಮ್ಯಾಕ್ಸಿಮ್ ಅವರು 1936ರ ಫೆಬ್ರವರಿ 17ರಂದು ಕೊಲರಾಡೋ ರಾಜ್ಯದ ಲಾ ಹುಂಟಾದಲ್ಲಿ ನಿಧನರಾದರು. ಮೇರಿಲ್ಯಾಂಡ್‌ನ ಹೇಗರ್ಸ್‌ಟೌನ್‌ನಲ್ಲಿ ಅವರ ಸಮಾಧಿಯಿದೆ.

ಅವರ ನಿಧನದ ಮರುತಿಂಗಳೇ ಅಮೆರಿಕದ ಈಶಾನ್ಯ ರಾಜ್ಯಗಳು ಭೀಕರ ಪ್ರವಾಹಕ್ಕೆ ತುತ್ತಾದವು. ಹಾರ್ಟ್‌ಫರ್ಡ್ ನಗರವೂ ಜಲಾವೃತವಾಗಿ, ಲೀಗ್‌ನ ಮುಖ್ಯ ರೇಡಿಯೋ ಕೇಂದ್ರವು ಹಾಳಾಯಿತು. ತಂತಿ ಸಂಪರ್ಕ ಕಡಿದುಹೋದ ಊರುಗಳಿಂದ ಸುದ್ದಿಯನ್ನು ಹೊರಜಗತ್ತಿಗೆ ಮುಟ್ಟಿಸುವಲ್ಲಿ ಹವ್ಯಾಸಿಗಳು ನೆರವಾದರು. ಅನಂತರ ನ್ಯೂಯಿಂಗ್ಟನ್‌ನಲ್ಲಿ ನಿರ್ಮಿಸಲಾದ ಹೊಸ ಕೇಂದ್ರವನ್ನು ಮ್ಯಾಕ್ಸಿಮ್ ಅವರ ಸ್ಮಾರಕವಾಗಿ, ಅವರ ಜನ್ಮದಿನವಾದ ಸೆಪ್ಟೆಂಬರ್ 2ರಂದು, 1938ರಲ್ಲಿ ಉದ್ಘಾಟಿಸಲಾಯಿತು. ಅವರ ಸ್ವಂತ ಕರೆಸಂಕೇತವಾಗಿದ್ದ ‘ಡಬ್ಲ್ಯು1ಎಡಬ್ಲ್ಯು’ ಅನ್ನೇ ಆ ಕೇಂದ್ರಕ್ಕೆ ನೀಡಲಾಗಿದ್ದು, ಇಂದಿಗೂ ಅದೇ ಸಂಕೇತದಿಂದ ಮೋರ್ಸ್ ಅಭ್ಯಾಸದ ಪಾಠಗಳೂ ಪ್ರಕಟಣೆಗಳೂ ಪ್ರಸಾರವಾಗುತ್ತಿವೆ. ಯುವ ರೇಡಿಯೋ ಹವ್ಯಾಸಿಗಳಿಗೆ ಲೀಗ್ ಅವರ ಹೆಸರಿನಲ್ಲಿ ಪ್ರಶಸ್ತಿಯನ್ನು ನೀಡುತ್ತಿದೆ.