ಯಾವ ಮನೆಯ ಬಾಗಿಲು ತಟ್ಟಬೇಕು?

ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳನ್ನು ಹಿಸುಕಿ ನೋಡಿದರೆ ಸಾಕು ಎಂಬುದು ನಮ್ಮ ಅಡುಗೆಮನೆಗಳ ಅನುಭವ. ದೇಶವೊಂದರ ಹಸಿವನ್ನು ಅಳೆಯಲು ಈ ನ್ಯಾಯ ಸಾಲದು. ಒಂದೇ ಪಾತ್ರೆಯ ಅಕ್ಕಿ ಸಮನಾಗಿ ಬೇಯುತ್ತದೆ. ಒಂದೇ ಊರಿನ ಒಲೆಗಳು ಸಮನಾಗಿ ಉರಿಯುವುದಿಲ್ಲ. ಹಾಗಾದರೆ ಲಕ್ಷಾಂತರ ಹಳ್ಳಿಗಳ ನಾಡಿನಲ್ಲಿ ಯಾವ ಮನೆಯ ಬಾಗಿಲು ತಟ್ಟಬೇಕು? ಈ ಪ್ರಶ್ನೆಗೆ ಶಾಸ್ತ್ರೀಯವಾದ ಉತ್ತರವನ್ನು ಭಾರತದ ಆಡಳಿತಕ್ಕೆ ಒದಗಿಸಿದವರು ಪ್ರಶಾಂತ ಚಂದ್ರ ಮಹಾಲನೋಬಿಸ್. ಅವರ ಜನ್ಮದಿನವಾದ ಜೂನ್ 29 ಅನ್ನು 2007ರಿಂದ ರಾಷ್ಟ್ರೀಯ ಅಂಕಿಅಂಶ ದಿನವೆಂದು ಆಚರಿಸಲಾಗುತ್ತಿದೆ.

ಕಲ್ಕತ್ತೆಯ ಬ್ರಾಹ್ಮಸಮಾಜದ ಕುಟುಂಬವೊಂದರಲ್ಲಿ 1893ರಲ್ಲಿ ಜನಿಸಿದ ಅವರು ಓದಿದ್ದು ಭೌತವಿಜ್ಞಾನ. ಕೇಂಬ್ರಿಜ್‌ನಲ್ಲಿ ವ್ಯಾಸಂಗ ಮುಗಿಸಿ ಸ್ವದೇಶಕ್ಕೆ ಮರಳುವ ಹೊತ್ತಿಗೆ ಮೊದಲ ಮಹಾಯುದ್ಧದಿಂದಾಗಿ ಪ್ರಯಾಣ ವಿಳಂಬವಾಯಿತು. ಆ ಬಿಡುವಿನಲ್ಲಿ ಗ್ರಂಥಾಲಯದಲ್ಲಿ ಕಣ್ಣಿಗೆ ಬಿದ್ದ ‘ಬಯೋಮೆಟ್ರಿಕಾ’ ಪತ್ರಿಕೆಯ ಸಂಪುಟಗಳು ಅವರ ಬದುಕಿನ ದಿಕ್ಕನ್ನೇ ಬದಲಿಸಿದವು. ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೌತವಿಜ್ಞಾನ ಬೋಧಿಸುತ್ತಲೇ 1931ರಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಸ್ಥಾಪಿಸಿದರು. ಹೂವಿನಹಡಗಲಿಯಲ್ಲಿ ಹುಟ್ಟಿ ವಿಶ್ವವಿಖ್ಯಾತರಾದ ಸಿ.ಆರ್. ರಾವ್ ಬೆಳೆದದ್ದು ಇದೇ ಸಂಸ್ಥೆಯಲ್ಲಿ.

ಮಹಾಲನೋಬಿಸ್ ತಮ್ಮ ವಿಧಾನವನ್ನು ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಿದ್ದು ಬಂಗಾಳದ ಸೆಣಬಿನ ಹೊಲಗಳಲ್ಲಿ. 1937ರಲ್ಲಿ ಸಣ್ಣದಾಗಿ ಆರಂಭವಾದ ಸಮೀಕ್ಷೆ 1941ರ ವೇಳೆಗೆ ಇಡೀ ಪ್ರಾಂತಕ್ಕೆ ವ್ಯಾಪಿಸಿತು. ಎಲ್ಲ ಹೊಲಗಳನ್ನೂ ಅಳೆಯುವುದಕ್ಕಿಂತ, ಅದೃಷ್ಟದ ಚೀಟಿ ಎತ್ತಿದಂತೆ ಆರಿಸಿದ ಕೆಲವೇ ಹೊಲಗಳನ್ನು ಎಚ್ಚರದಿಂದ ಅಳೆಯುವುದು ಅಗ್ಗವೂ ಹೌದು, ವಿಶ್ವಾಸಾರ್ಹವೂ ಹೌದು ಎಂದು ಅವರು ತೋರಿಸಿಕೊಟ್ಟರು. ಒಂದೇ ಪ್ರದೇಶಕ್ಕೆ ಎರಡು ತಂಡಗಳನ್ನು ಪ್ರತ್ಯೇಕ ಮಾದರಿಗಳೊಂದಿಗೆ ಕಳುಹಿಸಿ, ಎರಡರ ಫಲಿತಾಂಶಗಳನ್ನೂ ಹೋಲಿಸುವ ಕ್ರಮವನ್ನು ಜಾರಿಗೆ ತಂದರು. ಎರಡರ ನಡುವಿನ ಅಂತರ ದೊಡ್ಡದಾದರೆ ಎಲ್ಲೋ ತಪ್ಪಾಗಿದೆ ಎಂದೇ ಅರ್ಥ. ಮೇಜಿನ ಮುಂದೆ ಕುಳಿತು ನಮೂನೆ ಭರ್ತಿ ಮಾಡುವ ಚಾಳಿಯನ್ನು ಬಲ್ಲ ಯಾವ ಆಡಳಿತಗಾರನಿಗೂ ಈ ಎಚ್ಚರಿಕೆಯ ಬೆಲೆ ತಿಳಿದೀತು.

1943ರಲ್ಲಿ ಬಂಗಾಳಕ್ಕೆ ಭೀಕರ ಕ್ಷಾಮ ಬಂತು. ಮಡಿದವರು 15 ಲಕ್ಷವೋ 30 ಲಕ್ಷವೋ ಎಂಬುದು ಇತ್ಯರ್ಥವಾಗದ ಚರ್ಚೆ. ಸಾವುಗಳನ್ನು ವರದಿ ಮಾಡಬೇಕಾದವನು ಹಳ್ಳಿಯ ಚೌಕೀದಾರ. ಕ್ಷಾಮ ಅವನನ್ನೂ ಬಿಡಲಿಲ್ಲ. ಕ್ಷಾಮದ ನಂತರ ಮಹಾಲನೋಬಿಸ್ ಮತ್ತು ಸಹೋದ್ಯೋಗಿಗಳು ಆರಿಸಿದ ಹಳ್ಳಿಗಳ ಮನೆಮನೆಗೆ ಹೋಗಿ ಅದರ ಪರಿಣಾಮಗಳನ್ನು ದಾಖಲಿಸಿದರು. ಭೂಮಿಯಿಲ್ಲದ ಕೂಲಿಕಾರರು, ಮೀನುಗಾರರಂಥವರು ಅತ್ಯಂತ ಹೆಚ್ಚು ನಲುಗಿದ್ದರು. ಪ್ರಾಂತದ ಸರಾಸರಿ ಇಂಥವರನ್ನು ಮರೆಮಾಚುತ್ತದೆ; ಮನೆಯ ಲೆಕ್ಕ ಬಯಲಿಗೆ ತರುತ್ತದೆ.

ಸ್ವಾತಂತ್ರ್ಯಾನಂತರ 1950ರ ಅಕ್ಟೋಬರ್‌ನಲ್ಲಿ ಅವರ ನೇತೃತ್ವದಲ್ಲಿ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಮೊದಲ ಸುತ್ತು ಆರಂಭವಾಯಿತು. ಇಂಥ ಸಮೀಕ್ಷೆಯ ಕ್ರಮ ಸರಳ: ಮೊದಲು ಹಳ್ಳಿಗಳ ಪಟ್ಟಿಯಿಂದ ಕೆಲವನ್ನು ಯಾದೃಚ್ಛಿಕವಾಗಿ ಆರಿಸುವುದು, ಬಳಿಕ ಆ ಹಳ್ಳಿಯ ಎಲ್ಲ ಮನೆಗಳ ಪಟ್ಟಿ ಮಾಡಿ, ನಿಗದಿತ ನಿಯಮದಂತೆ ಕೆಲವನ್ನು ಗುರುತಿಸುವುದು. ಆಯ್ಕೆ ಸಮೀಕ್ಷಕನ ಮರ್ಜಿಗಾಗಲಿ ಊರ ಪ್ರಮುಖರ ಸೂಚನೆಗಾಗಲಿ ಬಿಟ್ಟದ್ದಲ್ಲ. ಬಾಗಿಲಿಗೆ ಬೀಗ ಬಿದ್ದಿದೆಯೆಂದು ಪಕ್ಕದ ಅನುಕೂಲಸ್ಥರ ಮನೆಗೆ ಹೋಗಿಬಿಟ್ಟರೆ, ಕೂಲಿಗೆ ಹೋದವರ ಹಸಿವು ಲೆಕ್ಕದಿಂದ ಜಾರಿಹೋಗುತ್ತದೆ. ಊರಾಚೆಯ ಗುಡಿಸಲಿಗೂ ಆಯ್ಕೆಯಾಗುವ ನಿಶ್ಚಿತ ಅವಕಾಶವಿರಬೇಕು ಎಂಬುದೇ ಈ ಶಾಸ್ತ್ರದ ತಿರುಳು.

ಈ ದತ್ತಾಂಶವನ್ನೇ ಆಧರಿಸಿ ದಾಂಡೇಕರ್ ಮತ್ತು ರಥ್ 1971ರಲ್ಲಿ, ದಿನಕ್ಕೆ 2,250 ಕ್ಯಾಲೊರಿ ಆಹಾರವನ್ನು ಮಾನದಂಡವಾಗಿಟ್ಟುಕೊಂಡು ಬಡತನವನ್ನು ಅಳೆದರು. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಗ್ರಾಮೀಣ ಜನರಲ್ಲಿ ಶೇ 75ರವರೆಗೆ, ನಗರವಾಸಿಗಳಲ್ಲಿ ಶೇ 50ರವರೆಗೆ ಪಡಿತರದ ಹಕ್ಕು ನೀಡಿದಾಗ, ಯಾವ ರಾಜ್ಯಕ್ಕೆ ಎಷ್ಟು ಪಾಲು ಎಂಬುದು ನಿಗದಿಯಾದದ್ದೂ 2011-12ರ ಮಾದರಿ ಸಮೀಕ್ಷೆಯ ಆಧಾರದ ಮೇಲೆಯೇ. ಸಮೀಕ್ಷಕ ತಟ್ಟಿದ ಬಾಗಿಲಿಗೂ ನ್ಯಾಯಬೆಲೆ ಅಂಗಡಿಯ ಅಕ್ಕಿಗೂ ಇರುವ ನಂಟು ಇದು.

ಮಹಾಲನೋಬಿಸ್ ಪ್ರಶ್ನಾತೀತರೇನಲ್ಲ. 1956ರಲ್ಲಿ ಆರಂಭವಾದ ಎರಡನೆಯ ಪಂಚವಾರ್ಷಿಕ ಯೋಜನೆಯ ಶಿಲ್ಪಿಯಾಗಿ ಅವರು ಭಾರಿ ಕೈಗಾರಿಕೆಗಳಿಗೆ ಅಗ್ರಸ್ಥಾನ ನೀಡಿದರು. ಕೃಷಿಗೆ ಸಲ್ಲಬೇಕಾದ ಗಮನ ಸಲ್ಲಲಿಲ್ಲ ಎಂಬ ಟೀಕೆಗೆ ಅರವತ್ತರ ದಶಕದ ನಡುವಿನ ಆಹಾರ ಅಭಾವ ಪುಷ್ಟಿ ನೀಡಿತು. ಆದರೆ ಆ ಯೋಜನೆಯ ಗುಣದೋಷಗಳನ್ನು ವಿಮರ್ಶಿಸಲು ಟೀಕಾಕಾರರು ಬಳಸಿದ ಅಂಕಿಅಂಶಗಳಲ್ಲಿ ಬಹುಪಾಲು ಅವರೇ ಕಟ್ಟಿದ ವ್ಯವಸ್ಥೆಯಿಂದ ಬಂದವು. 1972ರ ಜೂನ್ 28ರಂದು, 79 ತುಂಬಲು ಒಂದು ದಿನ ಉಳಿದಿರುವಾಗ, ಅವರು ನಿಧನರಾದರು.

ಆ ವ್ಯವಸ್ಥೆಯನ್ನು ನಾವು ಹೇಗೆ ಉಳಿಸಿಕೊಂಡಿದ್ದೇವೆ? 2017-18ರ ಗೃಹಬಳಕೆ ವೆಚ್ಚದ ಸಮೀಕ್ಷೆಯನ್ನು, ಗುಣಮಟ್ಟದ ಕಾರಣ ನೀಡಿ, ಪ್ರಕಟಿಸುವುದಿಲ್ಲವೆಂದು ಸರ್ಕಾರ 2019ರ ನವೆಂಬರ್‌ನಲ್ಲಿ ಘೋಷಿಸಿತು. ಮುಂದಿನ ಸಮೀಕ್ಷೆ ನಡೆದದ್ದು 2022-23ರಲ್ಲಿ, ಬದಲಾದ ವಿಧಾನದೊಂದಿಗೆ. 2021ರ ಜನಗಣತಿ ನಡೆಯದ ಕಾರಣ ಅದರ ಹಳ್ಳಿಗಳ ಆಯ್ಕೆಗೆ 2011ರ ಪಟ್ಟಿಯೇ ಆಧಾರವಾಯಿತು. ಹೀಗಾಗಿ ಒಂದು ದಶಕಕ್ಕೂ ಹೆಚ್ಚು ಕಾಲ ದೇಶದ ಮನೆಗಳು ಏನು ಉಣ್ಣುತ್ತಿವೆ ಎಂಬುದಕ್ಕೆ ಪ್ರಕಟಿತ ಅಧಿಕೃತ ಉತ್ತರವೇ ಇರಲಿಲ್ಲ. ದತ್ತಾಂಶದಲ್ಲಿ ದೋಷವಿದ್ದರೆ ಅದನ್ನು ದೋಷದ ವಿವರದೊಡನೆಯೇ ಪ್ರಕಟಿಸಬಹುದಿತ್ತು. ಎರಡು ತಂಡಗಳ ಅಂತರವನ್ನು ಮುಚ್ಚಿಡದೆ ಮುಂದಿಟ್ಟ ಮಹಾಲನೋಬಿಸ್ ಪರಂಪರೆ ಕಲಿಸುವುದೂ ಅದನ್ನೇ. ಸಕಾಲಕ್ಕೆ ಜನಗಣತಿ, ನಿಯಮಿತ ಸಮೀಕ್ಷೆ, ಫಲಿತಾಂಶ ಹಿತವಾಗಲಿ ಅಹಿತವಾಗಲಿ ಅದರ ಪ್ರಕಟಣೆ — ಇವು ಮೂರೂ ಕಾನೂನಿನ ಬಲದಿಂದಲೇ ಖಚಿತವಾಗಬೇಕು. ವರ್ಷಕ್ಕೊಮ್ಮೆ ಅಂಕಿಅಂಶ ದಿನ ಆಚರಿಸುವ ಸರ್ಕಾರಗಳಿಂದ ಇಷ್ಟನ್ನು ಕೇಳುವುದು ಅತಿಯಾಗಲಾರದು.