ತನ್ನ ಹಾಸಿಗೆಯನ್ನೇ ಬಿಟ್ಟುಕೊಟ್ಟ ಸಂತ ಜೀನ್ ಜುಗಾನ್

ಹಿರಿಯರಿಗೆ ವಯಸ್ಸಾಗಿ ಕೈಕಾಲು ಸೋತಾಗ ಅವರಿಗೆ ಮನೆಯ ಯಾವ ಕೋಣೆಯನ್ನು ಬಿಟ್ಟುಕೊಡಬೇಕೆಂಬ ಪ್ರಶ್ನೆ ನಮ್ಮ ಅನೇಕ ಕುಟುಂಬಗಳಲ್ಲಿ ಒಂದಲ್ಲ ಒಂದು ದಿನ ಎದುರಾಗುತ್ತದೆ. ಗಾಳಿ ಬೆಳಕಿರುವ ಕೋಣೆ ಮಕ್ಕಳ ಓದಿಗೆ ಬೇಕು. ಮುಂಬಾಗಿಲ ಬಳಿಯ ಕೋಣೆ ಅತಿಥಿಗಳಿಗೆ ಬೇಕು. ಕೊನೆಗೆ ಅಜ್ಜ ಅಜ್ಜಿಯರ ಪಾಲಿಗೆ ಉಳಿಯುವುದು ಹಿತ್ತಲ ಕಡೆಯ ಕತ್ತಲೆ ಕೋಣೆ, ಇಲ್ಲವೇ ಪಡಸಾಲೆಯ ಒಂದು ಮೂಲೆ. 1839ರ ಚಳಿಗಾಲದಲ್ಲಿ, ಫ್ರಾನ್ಸ್ ದೇಶದ ಒಂದು ಸಣ್ಣ ಊರಿನಲ್ಲಿ, ಸ್ವಂತ ಮನೆಯೇ ಇಲ್ಲದ ಒಬ್ಬ ಮನೆಗೆಲಸದಾಕೆ ಈ ಪ್ರಶ್ನೆಗೆ ತನ್ನದೇ ಆದ ಉತ್ತರವನ್ನು ಕೊಟ್ಟಳು. ಬಡವರ ಕಿರಿಯ ಸೋದರಿಯರ ಸಭೆಯ ಸ್ಥಾಪಕಿ ಸಂತ ಜೀನ್ ಜುಗಾನಳೇ ಆಕೆ. ಆಗಸ್ಟ್ 30ರಂದು ಆ ಸಭೆ ಆಕೆಯ ಹಬ್ಬವನ್ನು ಆಚರಿಸುತ್ತದೆ. ವೃದ್ಧರ ಆರೈಕೆಯ ಮಾತು ಮನೆಮನೆಯ ಚಿಂತೆಯಾಗಿರುವ ಈ ಕಾಲದಲ್ಲಿ ಆಕೆಯ ಜೀವನವನ್ನು ಮತ್ತೊಮ್ಮೆ ನೆನೆಯುವುದು ಉಚಿತವೆಂದು ನಾವು ಭಾವಿಸುತ್ತೇವೆ.

ಜೀನ್ ಹುಟ್ಟಿದ್ದು 1792ರ ಅಕ್ಟೋಬರ್ 25ರಂದು, ಬ್ರಿಟನಿ ಪ್ರಾಂತ್ಯದ ಕಾನ್ಕಾಲ್ ಎಂಬ ಕಡಲತೀರದ ಊರಿನಲ್ಲಿ. ತಂದೆ ಮೀನುಗಾರ. ಆಕೆಗೆ ನಾಲ್ಕು ವರ್ಷ ತುಂಬುವ ಮೊದಲೇ ಆತ ಸಮುದ್ರದ ಪಾಲಾದ. ಕೂಲಿನಾಲಿ ಮಾಡಿ ಮಕ್ಕಳನ್ನು ಸಾಕುವ ಹೊರೆ ತಾಯಿಯ ಮೇಲೆ ಬಿತ್ತು. ಅದು ಫ್ರೆಂಚ್ ಕ್ರಾಂತಿಯ ಕಾಲ. ದೇವಾಲಯಗಳು ಮುಚ್ಚಿದ್ದವು, ಗುರುಗಳು ತಲೆಮರೆಸಿಕೊಂಡಿದ್ದರು, ಮನೆಯ ಹೆಂಗಸರೇ ಮಕ್ಕಳಿಗೆ ಗುಟ್ಟಾಗಿ ಜಪ, ಧರ್ಮೋಪದೇಶಗಳನ್ನು ಕಲಿಸುತ್ತಿದ್ದರು. ಜೀನಳ ವಿಶ್ವಾಸ ಬೇರೂರಿದ್ದು ಇಂತಹ ನೆಲದಲ್ಲಿ.

ಹದಿನಾರರ ಆಸುಪಾಸಿನಲ್ಲಿ ಆಕೆ ಹತ್ತಿರದ ಒಬ್ಬ ಶ್ರೀಮಂತ ಮಹಿಳೆಯ ಮನೆಯ ಅಡುಗೆಮನೆಗೆ ಕೆಲಸಕ್ಕೆ ಸೇರಿದಳು. ಆ ಯಜಮಾನಿ ದೈವಭಕ್ತೆ. ಬಡವರ, ರೋಗಿಗಳ ಮನೆಗೆ ಹೋಗುವಾಗ ಜೀನಳನ್ನೂ ಜೊತೆಗೆ ಕರೆದುಕೊಂಡು ಹೋಗುತ್ತಿದ್ದಳು. ಪಡೆಯುವವನ ಮಾನಕ್ಕೆ ಕುಂದು ಬಾರದಂತೆ ಕೊಡುವುದು ಹೇಗೆಂಬ ಪಾಠವನ್ನು ಜೀನ್ ಅಲ್ಲಿ ಕಲಿತಳು. ಒಬ್ಬ ನಾವಿಕ ಆಕೆಯ ಕೈಹಿಡಿಯಲು ಬಯಸಿದಾಗ ಆಕೆ ಒಪ್ಪಲಿಲ್ಲ. ಇನ್ನೂ ಸ್ಥಾಪನೆಯಾಗದ ಯಾವುದೋ ಕಾರ್ಯಕ್ಕಾಗಿ ದೇವರು ತನ್ನನ್ನು ಕಾದಿರಿಸಿದ್ದಾರೆಂದು ತಾಯಿಗೆ ತಿಳಿಸಿದಳೆಂದು ಆಕೆಯ ಚರಿತ್ರೆ ಹೇಳುತ್ತದೆ.

ಆದರೆ ಆ ಕಾರ್ಯ ತೋರಿಬರಲು ಇಪ್ಪತ್ತಕ್ಕೂ ಹೆಚ್ಚು ವರ್ಷಗಳು ಹಿಡಿದವು. 1817ರಲ್ಲಿ ಆಕೆ ಸೇಂಟ್ ಸೆರ್ವಾನ್ ಪಟ್ಟಣಕ್ಕೆ ಬಂದು ಅಲ್ಲಿನ ಆಸ್ಪತ್ರೆಯಲ್ಲಿ ಆರು ವರ್ಷ ದುಡಿದಳು. ಸಂತ ಜಾನ್ ಯೂಡ್ಸ್ ಅವರ ಭಕ್ತಿಮಾರ್ಗವನ್ನು ಅನುಸರಿಸುವ ತೃತೀಯ ಸಭೆಗೆ ಸೇರಿದಳು. ದೇಹ ದಣಿದು ಆಸ್ಪತ್ರೆಯ ಕೆಲಸ ಬಿಡಬೇಕಾದಾಗ ಅದೇ ಸಭೆಯ ಒಬ್ಬ ಮಹಿಳೆಯ ಮನೆಗೆಲಸಕ್ಕೆ ಸೇರಿ, ಆಕೆ 1835ರಲ್ಲಿ ತೀರಿಕೊಳ್ಳುವವರೆಗೂ ಸುಮಾರು ಹನ್ನೆರಡು ವರ್ಷ ಸೇವೆ ಮಾಡಿದಳು. ಅವರಿಬ್ಬರದು ಒಡತಿ ಆಳುಗಳ ಸಂಬಂಧವಾಗಿರದೆ ಸ್ನೇಹಿತೆಯರ ಸಂಬಂಧವಾಗಿತ್ತು. ಅನಂತರ ಜೀನ್, ಫ್ರಾನ್ಸ್ವಾಜ್ ಒಬೇರ್ ಎಂಬ ಎಪ್ಪತ್ತು ದಾಟಿದ ಹಿರಿಯಳೊಂದಿಗೆ ಒಂದು ಸಣ್ಣ ಬಾಡಿಗೆ ಮನೆ ಹಿಡಿದಳು. ವರ್ಜಿನಿ ಎಂಬ ಹದಿನೇಳರ ಅನಾಥ ಹುಡುಗಿಯೂ ಅವರೊಡನೆ ಬಂದು ನೆಲೆಸಿದಳು. ಒಬ್ಬಳು ನೂಲುತ್ತಿದ್ದಳು, ಒಬ್ಬಳು ಹೊಲಿಯುತ್ತಿದ್ದಳು, ಜೀನ್ ದಿನಗೂಲಿಗೆ ಹೋಗುತ್ತಿದ್ದಳು.

ಆ ಮನೆಗೆ 1839ರ ಚಳಿಗಾಲದಲ್ಲಿ ನಾಲ್ಕನೆಯವಳೊಬ್ಬಳು ಬಂದಳು. ಆಕೆಯ ಹೆಸರು ಆನ್ ಶೋವಾಂ, ವಯಸ್ಸಾದ ವಿಧವೆ, ಕಣ್ಣು ಕಾಣದು, ಅಂಗಾಂಗಗಳಿಗೆ ಲಕ್ವ ಬಡಿದಿತ್ತು, ನೋಡಿಕೊಳ್ಳುವವರಿಲ್ಲದೆ ಒಬ್ಬಂಟಿಯಾಗಿದ್ದಳು. ಆಗ ನಲವತ್ತೇಳು ವರ್ಷದ ಜೀನ್ ಆ ಮುದುಕಿಯನ್ನು ಎತ್ತಿಕೊಂಡು, ಇಕ್ಕಟ್ಟಾದ ಮೆಟ್ಟಿಲುಗಳನ್ನು ಹತ್ತಿ, ತನ್ನ ಹಾಸಿಗೆಯಲ್ಲಿ ಮಲಗಿಸಿದಳು. ತಾನು ಮೇಲಿನ ಅಟ್ಟದಲ್ಲಿ ಮಲಗತೊಡಗಿದಳು. ಸ್ವಲ್ಪ ಕಾಲದಲ್ಲೇ ಇಸಬೆಲ್ ಎಂಬ ಇನ್ನೊಬ್ಬ ವೃದ್ಧೆಗೂ ಅಲ್ಲಿ ಜಾಗವಾಯಿತು. ಈ ಇಸಬೆಲ್ ತನ್ನ ಯಜಮಾನರು ಬಡತನಕ್ಕೆ ಬಿದ್ದಾಗ ಕೈಬಿಡದೆ, ತನ್ನ ಉಳಿತಾಯವನ್ನೆಲ್ಲ ವೆಚ್ಚಮಾಡಿ, ಕೊನೆಗೆ ಭಿಕ್ಷೆ ಬೇಡಿ ಅವರನ್ನು ಸಾಕಿದ ನಿಷ್ಠಾವಂತ ಸೇವಕಿ.

ಇಲ್ಲಿ ನಾವು ಒಂದು ಕ್ಷಣ ನಿಂತು ಯೋಚಿಸಬೇಕು. ಜೀನ್ ಆರಂಭಿಸಿದ್ದು ಒಂದು ಸಂಸ್ಥೆಯನ್ನಲ್ಲ. ಆಕೆಯ ಬಳಿ ಕಟ್ಟಡದ ನಕ್ಷೆ ಇರಲಿಲ್ಲ, ನಿಯಮಾವಳಿ ಇರಲಿಲ್ಲ, ನಿಧಿಯೂ ಇರಲಿಲ್ಲ. ಇದ್ದದ್ದು ಒಂದು ಮನೆ, ಒಂದು ಒಲೆ, ಒಂದು ಊಟದ ಮೇಜು. ಬಂದ ವೃದ್ಧೆ ಆ ಮನೆಯವಳೇ ಆದಳು. ಸಂಸ್ಥೆಯ ವಾರ್ಡಿನಲ್ಲಿ ಇಪ್ಪತ್ತನೆಯ ಮಂಚವಾಗುವುದಕ್ಕೂ ಒಂದು ಮನೆಯಲ್ಲಿ ಅಜ್ಜಿಯಾಗುವುದಕ್ಕೂ ಇರುವ ಅಂತರವನ್ನು ಬಲ್ಲವರಿಗೆ ಈ ಆರಂಭದ ಮಹತ್ವ ಗೊತ್ತಾಗುತ್ತದೆ.

ಬಂದವರ ಸಂಖ್ಯೆ ಬೆಳೆಯಿತು. 1841ರಲ್ಲಿ ಜೀನ್ ಮತ್ತು ಸಂಗಡಿಗರು ಹಿಂದೆ ಹೆಂಡದಂಗಡಿಯಾಗಿದ್ದ ಒಂದು ಕಟ್ಟಡವನ್ನು ಬಾಡಿಗೆಗೆ ಹಿಡಿದು ಹನ್ನೆರಡು ವೃದ್ಧೆಯರಿಗೆ ಆಶ್ರಯ ಕೊಟ್ಟರು. 1842ರಲ್ಲಿ ಖಾಲಿ ಬಿದ್ದಿದ್ದ ಒಂದು ಹಳೆಯ ಕನ್ಯಾಮಠವನ್ನು ಕೊಂಡರು. ಆ ಮೇ ತಿಂಗಳಲ್ಲಿ ಪುಟ್ಟ ಸಂಘಕ್ಕೆ ಒಂದು ರೂಪ ಬಂದು, ಸಂಗಾತಿಯರು ಜೀನಳನ್ನು ತಮ್ಮ ಮಠಮಾತೆಯಾಗಿ ಆರಿಸಿದರು. ಮುಂದಿನ ವರ್ಷ ಮನೆಯಲ್ಲಿ ಸುಮಾರು ನಲವತ್ತು ಮಂದಿ ಇದ್ದರು.

ಇಷ್ಟು ಜನರ ಹೊಟ್ಟೆ ತುಂಬುವುದು ಹೇಗೆ? ಆ ವೃದ್ಧೆಯರಲ್ಲಿ ಹಲವರು ಭಿಕ್ಷೆಯಿಂದ ಬದುಕಿದವರು. ಮತ್ತೆ ಬೀದಿಗೆ ಹೋದರೆ ಹಳೆಯ ಸಹವಾಸ, ಕುಡಿತಗಳ ಭಯ. ಆಗ ಜೀನ್ ಅವರ ಬದಲಿಗೆ ತಾನೇ ಬುಟ್ಟಿ ಹಿಡಿದು ಹೊರಟಳು. ಯಾವ ಯಾವ ಮನೆಯವರು ಅವರಿಗೆ ಕೊಡುತ್ತಿದ್ದರೆಂದು ಕೇಳಿ ತಿಳಿದುಕೊಂಡು, ಅದೇ ಬಾಗಿಲುಗಳ ಮುಂದೆ ನಿಂತು, ಇಂಥವಳ ಪರವಾಗಿ ಬಂದಿದ್ದೇನೆಂದು ಹೇಳುತ್ತಿದ್ದಳು. ರೊಟ್ಟಿ, ಹಳೆಯ ಬಟ್ಟೆ, ಉಣ್ಣೆ, ಸೌದೆ, ಚಿಲ್ಲರೆ ನಾಣ್ಯ, ಎಲ್ಲವನ್ನೂ ಸ್ವೀಕರಿಸಿದಳು. ಸ್ವಾಭಿಮಾನಿ ಬ್ರಿಟನಿಯ ಹೆಣ್ಣಿಗೆ ಕೈಚಾಚುವುದು ಸುಲಭವಾಗಿರಲಿಲ್ಲ. ಒಮ್ಮೆ ಒಬ್ಬಾತ ಸಿಟ್ಟಿನಿಂದ ಆಕೆಯನ್ನು ಹೊಡೆದಾಗ, ಆ ಏಟು ತನಗೆ ಸಂದಿತು, ಇನ್ನು ತನ್ನ ಬಡವರಿಗೂ ಏನಾದರೂ ಕೊಡಬೇಕೆಂದು ಆಕೆ ಶಾಂತವಾಗಿ ಬೇಡಿದಳೆಂಬ ಘಟನೆ ಸಭೆಯಲ್ಲಿ ಇಂದಿಗೂ ಪ್ರಸಿದ್ಧವಾಗಿದೆ.

ಮನೆಯೊಳಗಿನ ವ್ಯವಸ್ಥೆಯೂ ಗಮನಾರ್ಹ. ಕೈಲಾಗುವ ವೃದ್ಧೆಯರು ನೂಲು ತೆಗೆಯುತ್ತಿದ್ದರು, ಉಣ್ಣೆ ಹಿಂಜುತ್ತಿದ್ದರು; ಮನೆಯ ಖರ್ಚಿಗೆ ತಮ್ಮ ಪಾಲನ್ನು ಸೇರಿಸುತ್ತಿದ್ದರು. ಅವರನ್ನು ಬರಿದೆ ಕೂರಿಸಿ ಅನ್ನ ಹಾಕುವುದೇ ದೊಡ್ಡ ದಯೆಯೆಂದು ಜೀನ್ ತಿಳಿಯಲಿಲ್ಲ. ತಾನಿನ್ನೂ ಬೇಕಾದವಳು ಎಂಬ ಭಾವನೆ ಮುದಿವಯಸ್ಸಿಗೆ ಗಂಜಿಯಷ್ಟೇ ಅಗತ್ಯವೆಂದು ಆಕೆ ಬಲ್ಲವಳಾಗಿದ್ದಳು. ಸೋದರಿಯರು ವೃದ್ಧರ ಜೊತೆ ಒಂದೇ ಸೂರಿನಡಿ ಬಾಳಿದರು. ಒಳ್ಳೆಯದು ವೃದ್ಧರಿಗೆ, ಉಳಿದದ್ದು ತಮಗೆ ಎಂಬುದು ಅವರ ರೂಢಿಯಾಯಿತು. ಬ್ರಹ್ಮಚರ್ಯ, ಬಡತನ, ವಿಧೇಯತೆಗಳ ಜೊತೆಗೆ ಅತಿಥಿಸತ್ಕಾರವೆಂಬ ನಾಲ್ಕನೆಯ ವ್ರತವನ್ನೂ ಅವರು ಕೈಗೊಳ್ಳುತ್ತಾರೆ.

ಆದರೆ ಜೀನಳ ಜೀವನದ ದೊಡ್ಡ ಶಿಲುಬೆ ಹೊರಗಿನಿಂದ ಬರಲಿಲ್ಲ. 1843ರ ಡಿಸೆಂಬರ್ 8ರಂದು ಸೋದರಿಯರು ಆಕೆಯನ್ನೇ ಮತ್ತೆ ಮಠಮಾತೆಯಾಗಿ ಆರಿಸಿದರು. ಎರಡೇ ವಾರಗಳಲ್ಲಿ, ಸಂಘದ ಆತ್ಮಿಕ ನಿರ್ದೇಶಕರಾಗಿದ್ದ ಸಹಾಯಕ ಗುರು ಲ ಪೈಯರ್ ಆ ಆಯ್ಕೆಯನ್ನು ರದ್ದುಗೊಳಿಸಿ, ಇಪ್ಪತ್ತಮೂರು ವರ್ಷದ ಮರಿ ಜಾಮೆಯನ್ನು ಆ ಸ್ಥಾನದಲ್ಲಿ ಕೂರಿಸಿದರು. ಜೀನ್ ಎದುರಾಡಲಿಲ್ಲ. ಬುಟ್ಟಿ ಹಿಡಿದು ಮತ್ತೆ ಬೀದಿಗಿಳಿದಳು. 1845ರಲ್ಲಿ ಫ್ರೆಂಚ್ ಅಕಾಡೆಮಿ ಆಕೆಯ ಸೇವೆಯನ್ನು ಮೆಚ್ಚಿ ಮೊಂತ್ಯೋಂ ಪ್ರಶಸ್ತಿಯನ್ನೂ 3,000 ಫ್ರಾಂಕುಗಳನ್ನೂ ನೀಡಿತು. ಆ ಹೊತ್ತಿಗೆ ಮನೆಯಲ್ಲಿ 65 ಮಂದಿ ಇದ್ದರು. 1846ರಲ್ಲಿ ರೆನ್ ಮತ್ತು ದಿನಾನ್ ಪಟ್ಟಣಗಳಲ್ಲಿ, 1850ರಲ್ಲಿ ಆಂಜೇ ನಗರದಲ್ಲಿ ಹೊಸ ಮನೆಗಳು ತೆರೆದವು.

1852ರಲ್ಲಿ ರೆನ್ ಧರ್ಮಾಧ್ಯಕ್ಷರ ಮಾನ್ಯತೆ ದೊರೆಯಿತು. ಅದೇ ವರ್ಷ ಜೀನಳನ್ನು ಭಿಕ್ಷಾಟನೆಯಿಂದಲೂ ಹಿಂದಕ್ಕೆ ಕರೆಸಿ, ಯಾವ ಅಧಿಕಾರವೂ ಇಲ್ಲದೆ ಮಾತೃಮಠದಲ್ಲಿ ಇರಿಸಲಾಯಿತು. 1856ರಲ್ಲಿ ಮಾತೃಮಠವು ಸೇಂಟ್ ಪೆರ್ನ್ ಎಂಬ ಹಳ್ಳಿಗೆ ಸ್ಥಳಾಂತರಗೊಂಡಾಗ ಆಕೆಯೂ ಅಲ್ಲಿಗೆ ಹೋದಳು. ಹೀಗೆ ಒಟ್ಟು ಇಪ್ಪತ್ತೇಳು ವರ್ಷ, ನವಶಿಷ್ಯೆಯರ ನಡುವೆ, ಶಿಲುಬೆಯ ಸೋದರಿ ಮರಿ ಎಂಬ ಹೆಸರಿನಿಂದ, ಕೋಲೂರಿಕೊಂಡು ನಡೆಯುವ ಒಬ್ಬ ಮುದುಕಿಯಾಗಿ ಬಾಳಿದಳು. ಈಕೆಯೇ ಸಭೆಯ ಸ್ಥಾಪಕಿ ಎಂಬುದು ಆ ಕಿರಿಯರಲ್ಲಿ ಅನೇಕರಿಗೆ ಗೊತ್ತಿರಲಿಲ್ಲ. ಸಾವಿರಾರು ವೃದ್ಧರಿಗೆ ಅವರವರ ಸ್ಥಾನವನ್ನು ಉಳಿಸಿಕೊಟ್ಟವಳಿಗೆ ತನ್ನ ವೃದ್ಧಾಪ್ಯದಲ್ಲಿ ತನ್ನ ಸ್ಥಾನವೇ ಇಲ್ಲದಂತಾಯಿತು.

ಆದರೂ ಒಮ್ಮೆ ಆಕೆಯ ಮಾತು ಬೇಕಾಯಿತು. 1865ರಲ್ಲಿ ಸಭೆಯು ಶಾಶ್ವತ ಆದಾಯದ ನಿಧಿಗಳನ್ನು ಸ್ವೀಕರಿಸಬೇಕೇ ಎಂಬ ಚರ್ಚೆ ಎದ್ದಾಗ ಹಿರಿಯರು ಆಕೆಯ ಅಭಿಪ್ರಾಯ ಕೇಳಿದರು. ದೇವರ ಪಾಲನೆಯನ್ನೂ ಜನರ ಔದಾರ್ಯವನ್ನೂ ನಂಬಿಯೇ ಬಾಳಬೇಕೆಂಬ ಆಕೆಯ ಸಲಹೆಯಂತೆ ಸಭೆ ಸ್ಥಿರ ಆದಾಯವನ್ನು ತ್ಯಜಿಸಿತು. ಕೊನೆಯ ವರ್ಷಗಳಲ್ಲಿ ಆಕೆಗೆ ಕಣ್ಣು ಬಹುಮಟ್ಟಿಗೆ ಕಾಣದಾಯಿತು. ತಾನು ಮೊದಲು ಎತ್ತಿ ತಂದ ಆನಳ ಸ್ಥಿತಿ ತನಗೂ ಬಂದಿತು. 1879ರ ಆಗಸ್ಟ್ 29ರಂದು, 86ನೆಯ ವಯಸ್ಸಿನಲ್ಲಿ, ಆಕೆ ಪ್ರಭುವಿನಲ್ಲಿ ನಿದ್ರೆಹೋದಾಗ ಸಭೆಯಲ್ಲಿ ಸುಮಾರು 2,400 ಸೋದರಿಯರಿದ್ದರು. 1890ರಲ್ಲಿ ರೋಮ್‌ನ ವಿಚಾರಣೆಯ ನಂತರ ಲ ಪೈಯರ್ ಅಧಿಕಾರದಿಂದ ಇಳಿಯಬೇಕಾಯಿತು. ನಿಜವಾದ ಸ್ಥಾಪಕಿ ಯಾರೆಂಬುದು ಕ್ರಮೇಣ ಬೆಳಕಿಗೆ ಬಂದಿತು. 1982ರಲ್ಲಿ ಜಗದ್ಗುರು ಎರಡನೆಯ ಜಾನ್ ಪಾಲರು ಆಕೆಯನ್ನು ಧನ್ಯಳೆಂದು, 2009ರ ಅಕ್ಟೋಬರ್ 11ರಂದು ಜಗದ್ಗುರು ಹದಿನಾರನೆಯ ಬೆನೆಡಿಕ್ಟರು ಸಂತಳೆಂದು ಸಾರಿದರು.

ಈ ಸೋದರಿಯರು 1882ರಲ್ಲಿ ಕಲ್ಕತ್ತೆಗೆ ಬಂದರು. ಬೆಂಗಳೂರಿನ ಹೊಸೂರು ರಸ್ತೆಯಲ್ಲಿರುವ ಅವರ ವೃದ್ಧಾಶ್ರಮ ನಮ್ಮ ಓದುಗರಲ್ಲಿ ಅನೇಕರಿಗೆ ಪರಿಚಿತವೇ ಆಗಿದೆ. ಕಾಲಕ್ರಮದಲ್ಲಿ ಲೋಕದ ವೃದ್ಧಾಶ್ರಮಗಳು ಆಸ್ಪತ್ರೆಯ ಮಾದರಿಯಲ್ಲಿ ಬೆಳೆದವು. ಉದ್ದನೆಯ ಓಣಿಗಳು, ಸಾಲು ಮಂಚಗಳು, ಗಂಟೆ ಬಾರಿಸಿದಾಗ ಏಳುವುದು, ಗಂಟೆ ಬಾರಿಸಿದಾಗ ಉಣ್ಣುವುದು. ಇದು ಸರಿಯಲ್ಲವೆಂದು ಈಗ ವೈದ್ಯರೂ ಕಟ್ಟಡಶಿಲ್ಪಿಗಳೂ ಹೇಳುತ್ತಿದ್ದಾರೆ. ಅಮೆರಿಕದ ವೈದ್ಯ ಬಿಲ್ ಥಾಮಸ್ ಅವರ ಕಲ್ಪನೆಯ ಗ್ರೀನ್ ಹೌಸ್ ಎಂಬ ಪುಟ್ಟ ಮನೆಗಳು 2003ರಲ್ಲಿ ಮಿಸಿಸಿಪ್ಪಿ ರಾಜ್ಯದ ಟುಪೆಲೊ ಊರಿನಲ್ಲಿ ಮೊದಲು ತೆರೆದವು. ಒಂದೊಂದು ಮನೆಯಲ್ಲಿ ಹತ್ತು ಮಂದಿ ಹಿರಿಯರು; ಪ್ರತಿಯೊಬ್ಬರಿಗೂ ಸ್ವಂತ ಕೋಣೆ, ಸ್ವಂತ ಬಚ್ಚಲು; ನಡುವೆ ಎಲ್ಲರಿಗೂ ಕಾಣುವ ಅಡುಗೆಮನೆ, ಎಲ್ಲರೂ ಒಟ್ಟಿಗೆ ಕುಳಿತುಣ್ಣುವ ಒಂದೇ ಉದ್ದದ ಮೇಜು. ಯಾವಾಗ ಏಳಬೇಕು, ಏನು ಉಣ್ಣಬೇಕು ಎಂಬುದನ್ನು ತೀರ್ಮಾನಿಸುವವರು ಆ ಹಿರಿಯರೇ. ಹನ್ನೆರಡು ವೃದ್ಧೆಯರ ಆ ಹಳೆಯ ಹೆಂಡದಂಗಡಿಯ ನೆನಪು ನಮಗೆ ಬಾರದಿರದು. ಸ್ವಂತ ಕೋಣೆ ಕೊಡುವ ಶಕ್ತಿ ಜೀನಳಿಗೆ ಇರಲಿಲ್ಲ. ಆದರೆ ಮನೆ ಎಂಬುದರ ತಿರುಳು ಆಕೆಗೆ ತಿಳಿದಿತ್ತು.

ನಮ್ಮಲ್ಲಿ ಅನೇಕರ ಮಕ್ಕಳು ಕೊಲ್ಲಿ ದೇಶಗಳಲ್ಲಿ, ದೂರದ ನಗರಗಳಲ್ಲಿ ಇದ್ದಾರೆ. ತಂದೆತಾಯಿಯರನ್ನು ಆಶ್ರಮಕ್ಕೆ ಸೇರಿಸುವುದು ಕೆಲವೊಮ್ಮೆ ಅನಿವಾರ್ಯ. ಅದನ್ನು ಪಾಪವೆಂದು ನಾವು ಹೇಳುವುದಿಲ್ಲ. ಆದರೆ ಸೇರಿಸುವ ಮುನ್ನ ಅವರನ್ನು ಕೇಳೋಣ. ಅಲ್ಲಿ ಎಷ್ಟು ಜನ ಒಂದು ಮೇಜಿನಲ್ಲಿ ಉಣ್ಣುತ್ತಾರೆ, ಅಮ್ಮನ ಜಪಸರಕ್ಕೂ ಹಳೆಯ ಕುರ್ಚಿಗೂ ಜಾಗವುಂಟೇ, ಅಪ್ಪನಿಗೆ ನಸುಕಿನ ಕಾಫಿ ಸಿಗುವುದೇ ಎಂದು ನೋಡೋಣ. ಮನೆಯಲ್ಲೇ ಇರಿಸಿಕೊಳ್ಳುವವರು ಬಚ್ಚಲ ಗೋಡೆಗೆ ಒಂದು ಹಿಡಿಕೋಲು ಹಾಕಿಸಿ, ಬೆಳಕಿರುವ ಕೋಣೆಯನ್ನು ಅವರಿಗೆ ಬಿಟ್ಟುಕೊಟ್ಟು, ಅಡುಗೆಮನೆಯ ಮಾತು ಅವರ ಕಿವಿಗೂ ಬೀಳುವಂತೆ ಮಾಡಲಿ. ಎಲ್ಲರೂ ಜೀನಳಂತೆ ಅಟ್ಟ ಹತ್ತಬೇಕಾಗಿಲ್ಲ. ಆದರೆ ನಮ್ಮ ಮನೆಯ ಯಾವ ಹಾಸಿಗೆ ಹಿರಿಯರದೆಂಬ ಪ್ರಶ್ನೆಗೆ ನಾವೂ ಉತ್ತರ ಕೊಡಬೇಕಾಗಿದೆ. ಆ ಉತ್ತರ ಕೊಡುವ ಉದಾರ ಮನಸ್ಸನ್ನು ಸಂತ ಜೀನ್ ಜುಗಾನ್ ನಮ್ಮ ಕುಟುಂಬಗಳಿಗೆ ಬೇಡಿ ಕೊಡಲಿ.