ಬೆಳ್ಳಿಯ ಪೆಟ್ಟಿಗೆಯಲ್ಲಿ ಮಲಗಿದ್ದ ದೊರೆ

ಈಜಿಪ್ಟ್ ಎಂದರೆ ನನಗೂ ನೆನಪಾಗುತ್ತಿದ್ದದ್ದು ಟುಟಾಂಖಾಮನ್‌ನ ಚಿನ್ನದ ಮುಖವಾಡವೇ. ಒಮ್ಮೆ ಅಂಥದ್ದೇ ಇನ್ನೊಂದು ಮುಖವಾಡದ ಚಿತ್ರ ಕಂಡು ಅದೂ ಅವನದ್ದೇ ಎಂದುಕೊಂಡೆ. ಅಲ್ಲ, ಅದು ಮೊದಲನೇ ಪ್ಸುಸೆನ್ನೆಸ್‌ನದು. ಅಂದಿನಿಂದ ಈ ದೊರೆಯ ಬೆನ್ನು ಬಿದ್ದಿದ್ದೇನೆ.

ಸುಮಾರು 3000 ವರ್ಷಗಳ ಹಿಂದೆ, ನೈಲ್ ನದಿ ಕವಲೊಡೆದು ಸಮುದ್ರ ಸೇರುವ ಸೀಮೆಯ ಟಾನಿಸ್ ಪಟ್ಟಣದಿಂದ ಆತ 40ಕ್ಕೂ ಹೆಚ್ಚು ವರ್ಷ ಆಳಿದ. ದೇಶವೇನೂ ಒಂದಾಗಿರಲಿಲ್ಲ. ದಕ್ಷಿಣದಲ್ಲೆಲ್ಲ ಥೀಬ್ಸ್‌ನ ಅಮುನ್ ದೇವರ ಪ್ರಧಾನ ಅರ್ಚಕರದೇ ಕಾರುಬಾರು.

ಅವನ ಶವಪೆಟ್ಟಿಗೆ ಬೆಳ್ಳಿಯದು. ಚಿನ್ನದ ಮುಂದೆ ಬೆಳ್ಳಿ ಯಾವ ಲೆಕ್ಕ ಅನ್ನುತ್ತೀರಾ? ಈಜಿಪ್ಟಿನಲ್ಲಿ ಚಿನ್ನದ ಗಣಿಗಳಿದ್ದವು, ಬೆಳ್ಳಿ ಮಾತ್ರ ಹೊರಗಿನಿಂದ ಬರಬೇಕಿತ್ತು. ಆ ಪೆಟ್ಟಿಗೆಯ ಸುತ್ತ ಎರಡು ಕಲ್ಲಿನ ಪೆಟ್ಟಿಗೆಗಳು. ತಮಾಷೆಯೆಂದರೆ, ಹೊರಗಿನದು ಸುಮಾರು 200 ವರ್ಷ ಹಿಂದಿನ ಫೇರೋ ಮೆರ್ನೆಪ್ತಾನಿಗೆಂದು ಕಡೆದದ್ದು! ಗ್ರಾನೈಟ್ ಸಿಗುತ್ತಿದ್ದದ್ದು ದಕ್ಷಿಣದ ತುದಿಯ ಅಸ್ವಾನ್‌ನಲ್ಲಿ. ಅಲ್ಲಿಂದ ಹೊಸ ಕಲ್ಲು ತರಿಸುವುದು ಇವನಿಗೆ ಕಷ್ಟವಾಗಿತ್ತೇನೋ.

1940ರ ಫೆಬ್ರುವರಿಯಲ್ಲಿ ಫ್ರಾನ್ಸಿನ ಪುರಾತತ್ವಜ್ಞ ಪಿಯರ್ ಮೊಂಟೆ ಆ ಕೋಣೆ ತೆರೆದರು. ಟುಟಾಂಖಾಮನ್ ಸಮಾಧಿಗೂ ಹಿಂದೆ ಕಳ್ಳರು ನುಗ್ಗಿದ್ದರು. ಇದನ್ನು ಯಾರೂ ಮುಟ್ಟಿರಲಿಲ್ಲ. ನೆಲದ ತೇವಕ್ಕೆ ಮರವೆಲ್ಲ ಕೊಳೆತು, ಮಮ್ಮಿಯಲ್ಲಿ ಮೂಳೆಗಳಷ್ಟೇ ಉಳಿದಿದ್ದವು. ಪರೀಕ್ಷಿಸಿದಾಗ ತಿಳಿದದ್ದು, ದೊರೆ ಸಂಧಿವಾತದಿಂದ ನರಳಿದ ಮುದುಕ.

ಆದರೆ ಆಗ ಎರಡನೇ ಮಹಾಯುದ್ಧ. ಮೇ ತಿಂಗಳಲ್ಲಿ ಜರ್ಮನಿ ಫ್ರಾನ್ಸಿನ ಮೇಲೆ ಬಿತ್ತು. ಬೆಳ್ಳಿಯ ಪೆಟ್ಟಿಗೆಯ ಸುದ್ದಿ ಯಾರಿಗೆ ಬೇಕಿತ್ತು? 1922ರಲ್ಲಿ ಸಿಕ್ಕ ಬಾಲಕ ದೊರೆ ಲೋಕಪ್ರಸಿದ್ಧನಾದ, ಈ ಅಜ್ಜ ಮೂಲೆಗುಂಪಾದ. ಕೈರೋದ ಮ್ಯೂಸಿಯಂಗೆ ಎಂದಾದರೂ ಹೋದರೆ, ನಾನು ಮೊದಲು ಹುಡುಕುವುದು ಇವನನ್ನೇ.